ಕಂಠದ ಕೆಳಗೆ ಮೂರು ಚುಕ್ಕೆ

19 ಜನವರಿ 2002, ಶನಿವಾರ

ಈ ನೋಟ್‌ಬುಕ್ಕು ಇವತ್ತು ಪುಕ್ಕಟೆ ಸಿಕ್ಕಿತು. ನೀಲಿ ರಟ್ಟು, ಮುಟ್ಟಿದರೆ ಜಾರುವಂಥ ಹಾಳೆ. ಮನಸ್ಸಿಗೆ ಬಂದದ್ದನ್ನು ಬರೆಯಿರಿ, ಯಾರಿಗೂ ತೋರಿಸಬೇಡಿ, ನಾನೂ ಕೇಳುವುದಿಲ್ಲ ಎಂದು ಪಾಠ ಹೇಳುವ ಶೀಬಾ ಮೇಡಂ ಎಲ್ಲರ ಕೈಗೂ ಒಂದೊಂದು ಕೊಟ್ಟರು. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಬರೆದದ್ದೆಂದರೆ ಮದುವೆ ಮನೆಗೆ ಹೋಗುವ ಪಾತ್ರೆಗಳ ಪಟ್ಟಿ ಒಂದೇ. ಹಂಡೆ ನಾಲ್ಕು, ಕೊಪ್ಪರಿಗೆ ಎರಡು, ಸೌಟು ಆರು. ಇವತ್ತು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

ಲಿಫ್ಟಿನಿಂದಲೇ ಶುರು ಮಾಡುತ್ತೇನೆ. ಇಂದಿರಾನಗರದ ನೂರಡಿ ರಸ್ತೆಯ ಆ ಕಟ್ಟಡದ ಲಿಫ್ಟಿನೊಳಗೆ ಸುತ್ತಲೂ ಕನ್ನಡಿ. ನನ್ನ ಬೆನ್ನನ್ನು ನಾನೇ ನೋಡಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಮೂರನೇ ಮಹಡಿಯಲ್ಲಿ ಬಾಗಿಲು ತೆರೆದರೆ ದೊಡ್ಡ ಸಭೆಯ ಹಾಲು, ಮೈ ನಡುಗುವಷ್ಟು ತಣ್ಣಗೆ. ದುಂಡು ಮೇಜು, ಬಿಳಿ ಬಟ್ಟೆ, ಒಬ್ಬೊಬ್ಬರ ಮುಂದೆಯೂ ನೀರಿನ ಬಾಟಲಿ. ಮನೆತನದ ವ್ಯಾಪಾರ ಮಾಡುವವರಿಗೆ ಮಾರ್ಚ್ ಕೊನೆಯವರೆಗೆ ಶನಿವಾರ ಶನಿವಾರ ಪಾಠ. ಒಂದೊಂದು ಮನೆಯಿಂದ ಇಬ್ಬಿಬ್ಬರು. ಹೋದ ವರ್ಷ ಈ ಪಾಠ ನಡೆಸುವವರ ಸಮಾರಂಭಕ್ಕೆ ಕುರ್ಚಿ, ಪಾತ್ರೆ ಕಳಿಸಿದ್ದು ನಾವೇ. ಬಾಡಿಗೆಯ ಬದಲು ಎರಡು ಸೀಟು ಕೊಡುತ್ತೇವೆ ಅಂದರು, ಮಾವ ಒಪ್ಪಿಬಿಟ್ಟರು. ಶನಿವಾರ ಲೋಡು ಕಳಿಸುವ ದಿನ, ನಾವು ಹೋಗೋದಿಲ್ಲ ಎಂದು ಅವರ ಮಕ್ಕಳಿಬ್ಬರೂ ಕೈಯಲ್ಲಾಡಿಸಿದ್ದಕ್ಕೆ, “ಸೊಸೆಂದ್ರು ಹೋಗ್ಲಿ ಬಿಡು” ಅಂದರು.

ಹಾಗಾಗಿ ನಾನು, ನನ್ನ ಓರಗಿತ್ತಿ. ಆ ಮಹಾರಾಣಿ ಇದಕ್ಕೆಂದೇ ಹೊಸ ಬ್ಯಾಗು ತಂದಿದ್ದಳು.

ಎಲ್ಲರೂ ಎದ್ದು ನಿಂತು ತಮ್ಮ ಕಸುಬು ಹೇಳಬೇಕಿತ್ತು. ಹೊಸ ತಿಪ್ಪಸಂದ್ರದಿಂದ ಬಂದ ತಂದೆ ಮಗ ಸ್ಕ್ರೂ ಮಾಡುತ್ತಾರಂತೆ. ಜೀರಿಗೆ ಕಾಳಿಗಿಂತ ಸ್ವಲ್ಪ ದಪ್ಪ. ಕೈಯಿಂದ ಕೈಗೆ ದಾಟಿಸಿ ತೋರಿಸಿದರು. ಅದು ವಿಮಾನದಲ್ಲಿ ಕೂತು ಆಕಾಶಕ್ಕೆ ಹೋಗುತ್ತದಂತೆ. ನನ್ನ ಅಂಗೈಗೆ ಬಂದಾಗ ಉಸಿರು ಬಿಗಿಹಿಡಿದೆ, ಹಾರಿಹೋದೀತು ಅಂತ. ಆಮೇಲೆ ಫ್ರೇಜರ್ ಟೌನಿನ ಉಮ್ಮೆ ಕುಲ್ಸುಂ, ಅವರ ತಮ್ಮ ಮುನಾವರ್ ಎದ್ದರು. ಬಿರಿಯಾನಿ ಮಾಡುವ ದೊಡ್ಡ ದೇಗುಗಳನ್ನು ಬಾಡಿಗೆ ಕೊಡುವವರು. ನಮ್ಮದೇ ಕಸುಬು, ಬೇರೆ ಅಡುಗೆ.

ನಮ್ಮ ಸರದಿ ಬಂದಾಗ ಮೈಕು ತೆಗೆದುಕೊಂಡದ್ದು ಅವಳೇ. ಇಂಗ್ಲಿಷಿನಲ್ಲಿ ಪಟಪಟ ಹೇಳಿದಳು. ನಾನು ಕಂಬದ ಹಾಗೆ ಪಕ್ಕದಲ್ಲಿ ನಿಂತಿದ್ದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಸುಮಾರು ಮುನ್ನೂರು ಪಾತ್ರೆ ಇವೆ ಅಂದಳು. “ಮುನ್ನೂರ ಹನ್ನೊಂದು” ಎಂದು ಜೋರಾಗಿ ಅಂದುಬಿಟ್ಟೆ. ಹಾಲಿನಲ್ಲಿ ನಾನು ಆಡಿದ ಮಾತು ಅದೊಂದೇ.

22 ಜನವರಿ, ಮಂಗಳವಾರ

ಯಾರಿಗೂ ತೋರಿಸದ ಪುಸ್ತಕ ಅಂದಮೇಲೆ ಬರೆದೇ ಬಿಡುತ್ತೇನೆ.

ನಮ್ಮ ಮಾವ ಚಂದ್ರಾಮಪ್ಪ ಪಾತ್ರೆಗೆ ಹೆಸರು ಕೆತ್ತಿಸುವುದಿಲ್ಲ. ಹಲಸೂರು, ಶಿವಾಜಿನಗರದ ಉಳಿದವರೆಲ್ಲ ಕೆತ್ತಿಸುತ್ತಾರೆ, ಇಲ್ಲವೇ ಬಣ್ಣದ ಪಟ್ಟೆ ಬಳಿಯುತ್ತಾರೆ. ಮದುವೆ ಮನೆಯಲ್ಲಿ ನಾಲ್ಕು ಕಡೆಯ ಪಾತ್ರೆ ಬೆರೆತುಹೋಗುತ್ತವೆ, ಗುರುತು ಬೇಕೇ ಬೇಕು. ಮಾವನಿಗೆ ಬೇಡ. ತಪ್ಪಲೆಯನ್ನು ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿ, ತಲೆ ವಾಲಿಸಿ ಕೇಳಿ, ನಮ್ಮದು ಹೌದೋ ಅಲ್ಲವೋ ಹೇಳುತ್ತಾರೆ. ಕೂದಲೆಳೆಯಷ್ಟು ಬಿರುಕಿದ್ದರೂ ಹೇಳುತ್ತಾರೆ. ಉಳಿ ತಾಗಿದರೆ ತಾಮ್ರದ ದನಿ ಹೋಗುತ್ತದೆ ಎಂಬುದು ಅವರ ವಾದ. ಯಾದಗಿರಿ ಕಡೆಯಿಂದ ಕೂಲಿಗೆ ಬಂದು, ಶಿವಾಜಿನಗರದಲ್ಲಿ ಪಾತ್ರೆಗೆ ತವರ ಬಳಿಯುವ ಕಲಾಯಿ ಅಂಗಡಿಯಲ್ಲಿ ತಿದಿ ಒತ್ತುತ್ತ ಕಲಿತ ವಿದ್ಯೆ ಅದು. ಹೊಸದಾಗಿ ಮದುವೆಯಾಗಿ ಬಂದಾಗ ನಾನು ಬಾಯಿ ಮೇಲೆ ಬೆರಳಿಟ್ಟುಕೊಂಡು ನೋಡಿದ್ದೆ. ಈಗ ಹದಿನೇಳು ವರ್ಷವಾಯಿತು, ನೋಡುವುದನ್ನೇ ಬಿಟ್ಟಿದ್ದೆ.

ಕಳೆದ ದೀಪಾವಳಿಯಲ್ಲಿ ಆ ಕಿವಿ ಕೈಕೊಟ್ಟಿತು. ಒಂದು ಛತ್ರದಿಂದ ವಾಪಸು ಬಂದ ಹತ್ತು ತಪ್ಪಲೆ ತಟ್ಟಿ, ಇವು ನಮ್ಮವಲ್ಲ, ಬದಲಾಯಿಸಿದ್ದಾರೆ ಎಂದು ಛತ್ರಕ್ಕೇ ಹೋಗಿ ಜಗಳ ತೆಗೆದರು. ನಮ್ಮ ಯಜಮಾನರು ಹಿಂದೆಯೇ ಓಡಿ, ಹಳೆಯ ತಗ್ಗು, ಬೆಸುಗೆ ಎಲ್ಲ ತೋರಿಸಿ, ನಮ್ಮವೇ ಅಪ್ಪಾ ಎಂದು ಕರೆತಂದರು. ಅಲ್ಲಿನ ಅಡುಗೆಯವರೆಲ್ಲ ನಕ್ಕರಂತೆ. ಅವತ್ತಿನಿಂದ ಮಾವ ಗೋದಾಮಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಸುಮ್ಮನೆ ಕೂತಿರುತ್ತಾರೆ. ತಟ್ಟುವುದಿಲ್ಲ. “ಕಿವಿ ಹೋತವ್ವ ನಾಗವ್ವ. ಯುಗಾದಿಗಿ ಇಬ್ಬರಿಗೂ ಪಾಲು ಮಾಡಿ ಕೊಟ್ಟು ಸುಮ್ನಾಗ್ತೀನಿ” ಅಂದರು.

ಪಾಲಿನ ವಾಸನೆ ನನಗೆ ಅದಕ್ಕೂ ಮೊದಲೇ ಬಡಿದಿತ್ತು. ಮೈದುನ ಲಕ್ಷ್ಮಿಕಾಂತ ಬೇಸಿಗೆಯಲ್ಲೇ, ಬೇರೆ ಆದರೆ ಚೆನ್ನಾಗಿರುತ್ತದೆ ಎಂದು ಹೆಂಡತಿಗೆ ಹೇಳುತ್ತಿದ್ದ. ಗೋಡೆಯಾಚೆ ನಾನಿದ್ದೆ. ನಮ್ಮ ಯಜಮಾನರು ಟೆಂಪೋ ಓಡಿಸುವುದು, ಹೊತ್ತು ಇಳಿಸುವುದು ಬಿಟ್ಟರೆ ಬಾಯಿ ಬಿಡುವವರಲ್ಲ. ಏನು ಕೊಟ್ಟರೂ ಆಯ್ತು ಅನ್ನುತ್ತಾರೆ. ಹಳೆಯ ದಪ್ಪ ತಾಮ್ರದವು ಯಾವುವು, ಹೊಸ ತೆಳು ತಗಡಿನವು ಯಾವುವು ಎಂದು ಕಲಾಯಿ ಮಾಡಿ ಸಾಲಾಗಿಟ್ಟರೆ ಗೊತ್ತಾಗುವುದಿಲ್ಲ, ಎಲ್ಲ ಒಂದೇ ಸಮ ಹೊಳೆಯುತ್ತವೆ. ಅದಕ್ಕೆ ದಸರೆಗೆ ಮುಂಚೆ ಕಲಾಯಿಗೆ ಒಯ್ದಾಗ, ಚಿನ್ನದಂಥ ನಲವತ್ತೊಂದು ಪಾತ್ರೆ ಆರಿಸಿ, ಕಂಠದ ಕೆಳಗೆ ಕಾಣದ ಜಾಗದಲ್ಲಿ ಉಳಿಯಿಂದ ಮೂರು ಚುಕ್ಕೆ ಹಾಕಿಸಿದೆ. ಸಾಸಿವೆ ಕಾಳಿನಷ್ಟು. ಪಾಲಿನ ದಿನ ಬೆರಳಾಡಿಸಿ ನೋಡಿ ನನ್ನ ಕಡೆಗೆ ಎಳೆದುಕೊಳ್ಳುವುದು. ದೊಡ್ಡವರಿಗೆ ಗೊತ್ತಾ ಅಮ್ಮಾ ಎಂದು ಕಲಾಯಿ ಅಕ್ತರ್ ಸಾಬರು ಎರಡು ಸಲ ಕೇಳಿದರು. ಗೊತ್ತು ಅಂದೆ.

ಹದಿನೇಳು ವರ್ಷ ಆ ಪಾತ್ರೆಗಳ ಮಸಿ ಉಜ್ಜಿದವಳು ನಾನು. ನನಗೆ ಅವು ಬೇಕು, ಗೋದಾಮಿನ ಬೀಗದ ಕೈಯೂ ಬೇಕು. ಇದರಲ್ಲಿ ತಪ್ಪೇನು?

2 ಫೆಬ್ರವರಿ, ಶನಿವಾರ

ಮೇಡಂ ಇವತ್ತು ಪಾಠವನ್ನೇ ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಂತರು. “ನಿಮ್ಮ ಮನೆಯ ಹಿರಿಯರು ನಾಳೆ ಅಂಗಡಿಗೆ ಬರಲಿಲ್ಲ ಅಂದ್ಕೊಳ್ಳಿ. ಅವರ ಜೊತೆ ಏನು ಹೋಗುತ್ತೆ?”

ಅಬ್ಬಾ, ಒಂದು ಮಾತು ಇಪ್ಪತ್ತನಾಲ್ಕು ಜನರ ಬಾಯಿ ಕಟ್ಟಬಲ್ಲದೇ ಎಂದು ನಾನು ಕಣ್ಣು ಕಣ್ಣು ಬಿಟ್ಟೆ. ಸ್ಕ್ರೂ ಮಾಡುವ ಮಗ ತಲೆ ತಗ್ಗಿಸಿ ಕೂತ. ಅವನ ತಂದೆ ಬೇರೆ ಕಡೆ ನೋಡುತ್ತಿದ್ದರು. ಆ ತಂದೆ ಮಗ ವ್ಯಾಪಾರದ ಮಾತು ಬಿಟ್ಟು ಬೇರೆ ಮಾತಾಡುವುದೇ ಇಲ್ಲವಂತೆ, ಕುಲ್ಸುಂ ನನ್ನ ಕಿವಿಯಲ್ಲಿ ಹೇಳಿದರು.

ಓರಗಿತ್ತಿ ಕೈ ಎತ್ತಿದಳು. ಸದ್ಯ, ಕನ್ನಡದಲ್ಲೇ ಹೇಳಿದಳು. “ನಮ್ಮ ಮಾವನ ಕಿವಿ ಹೋಗುತ್ತೆ ಮೇಡಂ.” ತಟ್ಟುವ ಕತೆಯನ್ನೆಲ್ಲ ಬಿಡಿಸಿ ಹೇಳಿದಳು. ನಾನು ಮನೆಯಲ್ಲಿ ದಿನಾ ನೋಡಿ ಮರೆತದ್ದನ್ನು ಆ ಹಾಲಿನಲ್ಲಿ ಹೊಸದಾಗಿ ಕೇಳಿದ ಹಾಗಾಯಿತು. ಎಲ್ಲರೂ ನಮ್ಮ ಮೇಜಿನ ಕಡೆ ತಿರುಗಿ ನೋಡಿದರು. ಹೋಗುವ ವಿದ್ಯೆಯನ್ನು ಹೋಗುವ ಮುಂಚೆ ಕಲಿಯಿರಿ, ಕೊನೆಯ ಶನಿವಾರ ಹಿರಿಯರನ್ನೇ ಕರೆದುಕೊಂಡು ಬಂದು ತೋರಿಸಿ ಎಂದು ಮೇಡಂ ಅಂದರು.

ಪ್ರಿಯದರ್ಶಿನಿ, ಅದೇ ನನ್ನ ಓರಗಿತ್ತಿ, ಆಟೋದಲ್ಲಿ ದಾರಿಯುದ್ದಕ್ಕೂ ಅದನ್ನೇ ವಟಗುಟ್ಟಿದಳು.

6 ಫೆಬ್ರವರಿ, ಬುಧವಾರ

ಕಲಿಯುತ್ತಿದ್ದಾಳೆ, ನಿಜವಾಗಲೂ. ಬೆಳಗ್ಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಗೋದಾಮಿನಲ್ಲಿ ಒಂದೊಂದನ್ನೇ ತಟ್ಟುತ್ತಾಳೆ. ಮೊದಲ ದಿನ ಮಾವ, ಕಿವುಡನ ಹತ್ರ ಏನು ಕಲೀತಿ ಎಂದು ಕಳಿಸಿಬಿಟ್ಟರು. ಎರಡನೇ ದಿನ ಅವಳು ತಟ್ಟಿದ ಕಡೆ ಸರಿಯಿಲ್ಲ ಎಂದು ಬೈದರು. ಮೂರನೇ ದಿನ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡರು. ನಾನು ಹುಣಸೆಹಣ್ಣು ಹಚ್ಚಿ ಉಜ್ಜುತ್ತ ದೂರದಿಂದಲೇ ನೋಡಿದೆ. ಅವಳ ಗೆಣ್ಣು ಬಾತುಕೊಂಡಿದೆ. ಎಣ್ಣೆ ಬಿಸಿ ಮಾಡಿ ಕೊಟ್ಟೆ. ಯಾಕೆ ಕೊಟ್ಟೆನೋ, ಒಲೆ ಹೇಗೂ ಉರಿಯುತ್ತಿತ್ತು.

10 ಫೆಬ್ರವರಿ, ಭಾನುವಾರ

ಒಬ್ಬರ ಕಸುಬನ್ನು ಇನ್ನೊಬ್ಬರು ಹೋಗಿ ನೋಡಬೇಕು ಎಂಬುದೂ ಪಾಠದೊಳಗೇ ಬರುತ್ತದೆ. ನಾವಿಬ್ಬರೂ ಫ್ರೇಜರ್ ಟೌನಿಗೆ, ಕುಲ್ಸುಂ ಅವರ ಮನೆಗೆ ಹೋದೆವು.

ದೇವರೇ, ಅದೇನು ದೇಗುಗಳು! ಹಿತ್ತಿಲಲ್ಲಿ ಆನೆಮರಿಗಳ ಹಾಗೆ ಕೂತಿದ್ದವು. ಒಂದರೊಳಗೆ ನಾನು ಇಳಿದು ಕೂತರೆ ತಲೆಯೂ ಕಾಣುವುದಿಲ್ಲ. ನಮ್ಮ ಕೊಪ್ಪರಿಗೆಯೇ ದೊಡ್ಡದು ಎಂದು ಬೀಗುತ್ತಿದ್ದವಳು ನಾನು. ಒಂದೊಂದಕ್ಕೂ ಹೆಸರಿದೆ, ಅವರ ಅಜ್ಜಿ ಇಟ್ಟದ್ದು. ಎಲ್ಲಕ್ಕಿಂತ ದೊಡ್ಡದರ ಹೆಸರು ಬಡೀಬೀ. ಅದು ಹೊರಗೆ ಹೋಗುವ ದಿನ ಕುಲ್ಸುಂ ಅದರ ಮೇಲೆ ಕೈಯಿಟ್ಟು ದುವಾ ಓದಿ ಕಳಿಸುತ್ತಾರೆ. ಪ್ರಿಯದರ್ಶಿನಿ ತಟ್ಟಿ ನೋಡಿದಳು. ನೆಲದೊಳಗಿಂದ ಬಂದ ಹಾಗೆ ಸದ್ದು ಬಂತು.

ಚಹಾ ಕುಡಿಯುವಾಗ ನಾನೇ ಪಾಲಿನ ಮಾತು ತೆಗೆದೆ, ಸುಮ್ಮನೆ ಕೇಳುವವಳ ಹಾಗೆ. ಕುಲ್ಸುಂ ಬಸಿ ಕೆಳಗಿಟ್ಟರು. “ನಮ್ಮ ಅಬ್ಬಾ, ಚಾಚಾ ಬೇರೆ ಆದಾಗ ಬಡೀಬೀ ಚಾಚಾ ಪಾಲಿಗೆ ಹೋಯ್ತು ಬಹೆನ್. ಅದರ ಮುಚ್ಚಳ ನಮ್ಮ ಪಾಲಿಗೆ ಬಂತು. ಆರು ವರ್ಷ ಅವರ ದೇಗು ಖಾಲಿ ಕೂತಿತ್ತು, ನಾವು ಮುಚ್ಚಳ ಇಟ್ಕೊಂಡು ಕೂತಿದ್ವಿ.” ಕೊನೆಗೆ ಮುನಾವರ್ ಒಂದು ಮುಂಜಾನೆ ಮುಚ್ಚಳವನ್ನು ತಲೆ ಮೇಲೆ ಹೊತ್ತುಕೊಂಡು ಚಿಕ್ಕಪ್ಪನ ಮನೆಗೆ ನಡೆದುಹೋದರಂತೆ, ಅವತ್ತಿನಿಂದ ದೇಗುಗಳೆಲ್ಲ ಮತ್ತೆ ಒಂದೇ ಹಿತ್ತಿಲಿಗೆ ಬಂದವಂತೆ. ಅದನ್ನು ಹೇಳುವಾಗ ಅವರು ನಕ್ಕರು, ನಾವೂ ನಕ್ಕೆವು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಗು ಬರಲಿಲ್ಲ. ಬಿಸಿಲಿಗೋ ಏನೋ ತಲೆನೋವು.

23 ಫೆಬ್ರವರಿ, ಶನಿವಾರ

ಬಕ್ರೀದ್, ಪಾಠವಿಲ್ಲ. ಕುಲ್ಸುಂ ಮನೆಯ ದೇಗುಗಳೆಲ್ಲ ಊರು ಸುತ್ತುತ್ತಿರಬೇಕು.

ಪ್ರಿಯಾ ಮಧ್ಯಾಹ್ನ ನನ್ನ ಹತ್ತಿರ ಬಂದು ಕೂತಳು. “ಅಕ್ಕ, ಒಂದು ವಿಚಿತ್ರ. ದಪ್ಪ ತಾಮ್ರದವು ಎರಡು ಥರ ಸದ್ದು ಮಾಡ್ತಾವೆ. ಕೆಲವು ಉದ್ದಕ್ಕೆ ಎಳೀತಾವೆ, ಕೆಲವು ಕೊನೇಲಿ ತಟ್ ಅಂತ ನಿಂತ್ಬಿಡ್ತಾವೆ. ಬಿರುಕು ಇಲ್ಲ. ಮಾವನೂ ಅದಕ್ಕೇ ಗೊಂದಲ ಆಗ್ತಾರೆ ಅನ್ಸುತ್ತೆ.”

ಹೊಸ ಕಲಾಯಿ ಇದ್ದೀತು ಅಂದೆ. ಎದ್ದು ಹೋಗಿ ಬಟ್ಟೆ ನೆನೆಹಾಕಿದೆ. ನೆನೆಹಾಕಿದ ಬಟ್ಟೆ ಇವತ್ತೇ ಒಗೆಯಬೇಕಾಯಿತು, ಸೊಂಟ ಬಿದ್ದುಹೋಗಿದೆ.

8 ಮಾರ್ಚ್, ಶುಕ್ರವಾರ

ಒಂಬತ್ತು ಪಾತ್ರೆ ಕಲಾಯಿಗೆ ಒಯ್ದಿದ್ದೆ. ಇವಕ್ಕೂ ಮೂರು ಚುಕ್ಕೆ ಹಾಕಿಸಿದರೆ ಸರಿಯಾಗಿ ಐವತ್ತಾಗುತ್ತದೆ ಎಂದು ತಿಂಗಳ ಹಿಂದೆಯೇ ಎತ್ತಿಟ್ಟಿದ್ದೆ. ಅಕ್ತರ್ ಸಾಬರು ತವರ ಸವರಿ ಹತ್ತಿಯಿಂದ ಒರೆಸುವುದನ್ನು ನೋಡುತ್ತ ನಿಂತೆ. ಕಪ್ಪು ತಾಮ್ರದ ಮೇಲೆ ಬೆಳ್ಳಿ ಹರಿದಾಡುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಚುಕ್ಕೆ ಇಡಬೇಕಾ ಅಮ್ಮಾ ಎಂದು ಅವರೇ ಕೇಳಿದರು. ಬೇಡ, ಹೊತ್ತಾಯಿತು ಅಂದೆ. ಹೊತ್ತೇನೂ ಆಗಿರಲಿಲ್ಲ, ಹನ್ನೊಂದೂ ಮುಕ್ಕಾಲು. ಹಾಕಿದ ಚುಕ್ಕೆಯನ್ನು ತೆಗೆಯಲಾಗುತ್ತದಾ ಎಂದೂ ಕೇಳಿದೆ, ಸುಮ್ಮನೆ ತಿಳಿದುಕೊಳ್ಳಲು. ಒಳಗೆ ಹೋದ ತಾಮ್ರ ಈಚೆ ಬರೋದಿಲ್ಲ ಅಂದರು.

16 ಮಾರ್ಚ್, ಶನಿವಾರ

ನಾನು ಮೈಕಿನಲ್ಲಿ ಮಾತಾಡಿದೆ!

ಮನೆಯವರೇ ಗಮನಿಸದ ಕೆಲಸ ಯಾವುದು ಎಂದು ಮೇಡಂ ಕೇಳಿದರು. ಪ್ರಿಯಾ ಮೈಕನ್ನು ಎತ್ತಿ ನನ್ನ ಬಾಯಿಗೇ ಹಿಡಿದಳು. ಏನೂ ತೋಚದೆ ಪಾತ್ರೆ ತೊಳೆಯುವುದನ್ನೇ ಹೇಳಿದೆ. ಸಿಹಿ ಮಾಡಿದ ಪಾತ್ರೆ ಮೊದಲು, ಸಾರಿನದು ಆಮೇಲೆ, ಎಣ್ಣೆಯದು ಕೊನೆಗೆ. ಒದ್ದೆ ಪಾತ್ರೆ ಒಂದರೊಳಗೊಂದು ಇಟ್ಟರೆ ಬೆಳಗ್ಗೆ ಹಸಿರು ಕಿಲುಬು. ನೂರು ಪಾತ್ರೆ ತೊಳೆದ ಮೇಲೆ ಕೈಗೇ ಗೊತ್ತಾಗುತ್ತದೆ, ಯಾವ ಮದುವೆಯಲ್ಲಿ ಅಡುಗೆ ಸೀದಿತ್ತು, ಯಾವುದರಲ್ಲಿ ಉಳಿದಿತ್ತು ಅಂತ. ಅಡುಗೆ ಉಳಿದ ಮನೆಯವರಿಗೆ ಮುಂದಿನ ಸಲ ಒಂದು ಹಂಡೆ ಕಡಿಮೆ ಕಳಿಸುತ್ತೇನೆ. ಮಾತು ಮುಗಿಸಿ ತಲೆಯೆತ್ತಿದರೆ, ಎಲ್ಲರೂ ಬರೆದುಕೊಳ್ಳುತ್ತಿದ್ದಾರೆ. ನಾನು ಹೇಳಿದ್ದನ್ನು! ಸೂಟು ಹಾಕಿದವರೂ ಬರೆದುಕೊಳ್ಳುತ್ತಿದ್ದಾರೆ. ನನಗೆ ಆ ಹಾಲು, ಆ ದೀಪಗಳು ಎಲ್ಲ ಒಂದು ಗಳಿಗೆ ತೇಲಿದ ಹಾಗಾಯಿತು.

ಮನೆಗೆ ಬಂದು ಪ್ರಿಯಾ ಎಲ್ಲರ ಮುಂದೆ ನನ್ನ ಹಾಗೇ ಅಭಿನಯಿಸಿ ತೋರಿಸಿದಳು. ನಮ್ಮ ಯಜಮಾನರು ಕೂಡ ನಕ್ಕರು. ಮಾವ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. “ಒಂದು ಹಂಡೆ ಕಡಿಮಿ ಕಳಸ್ತಿದ್ದಿ? ನನಗಽ ಗೊತ್ತಿರಲಿಲ್ಲ” ಅಂದರು.

29 ಮಾರ್ಚ್, ಶುಕ್ರವಾರ

ನಾಳೆ ಕೊನೆಯ ದಿನ. ಮಾವ ಬರಲು ಒಪ್ಪಿದ್ದು ಪ್ರಿಯಾ ಕಾಲು ಹಿಡಿದಿದ್ದಕ್ಕೆ. ನಮ್ಮ ಆರು ತಪ್ಪಲೆ, ಕುಲ್ಸುಂ ಮನೆಯ ಅದೇ ಅಳತೆಯ ಆರು ಬೆರೆಸಿ ಇಡುವುದು. ಮಾವ ಬೆನ್ನು ಮಾಡಿ ಕೂರುವುದು, ಪ್ರಿಯಾ ತಟ್ಟುವುದು, ಅವರು ಹೇಳುವುದು. ಕಿವಿ ಹೋಗಿಲ್ಲ ಎಂದು ಅವರಿಗೇ ಗೊತ್ತಾದರೆ ಪಾಲಿನ ಮಾತು ಬಿಡುತ್ತಾರೆ ಎಂಬುದು ಪ್ರಿಯಾಳ ಆಸೆ. ಬೇರೆ ಆಗುವುದು ಅವಳಿಗೆ ಮೊದಲಿಂದಲೂ ಇಷ್ಟವಿಲ್ಲವಂತೆ. ಗಂಡ ಹೇಳಿದ್ದಕ್ಕೆ ಅವತ್ತೇ ಬೈದಿದ್ದಳಂತೆ. ಗೋಡೆಯಾಚೆ ನನಗೆ ಅರ್ಧ ಮಾತಷ್ಟೇ ಕೇಳಿಸಿತ್ತು.

ಆರು ತಪ್ಪಲೆ ಆರಿಸಿದ್ದು ನಾನೇ. ನಾಲ್ಕು ಜನರ ಮುಂದೆ ಇಡುವುದಲ್ಲವೇ, ಒಳ್ಳೆಯದನ್ನೇ ತೆಗೆದೆ. ನಾಲ್ಕರಲ್ಲಿ ಚುಕ್ಕೆ ಇದೆ, ಎರಡರಲ್ಲಿ ಇಲ್ಲ. ಕಂಠದ ಕೆಳಗೆ ಯಾರು ಬಗ್ಗಿ ನೋಡುತ್ತಾರೆ?

30 ಮಾರ್ಚ್, ಶನಿವಾರ

ಅಕ್ಷರ ಓರೆಯಾದರೆ ಆಗಲಿ, ಈಗಲೇ ಬರೆದುಬಿಡುತ್ತೇನೆ.

ಮಾವ ತಲೆಗೆ ಬಿಳಿ ಪಟಕ ಸುತ್ತಿಕೊಂಡು ಬಂದಿದ್ದರು. ಲಿಫ್ಟಿನ ಕನ್ನಡಿಗಳನ್ನು ನೋಡಿ, ಇಷ್ಟು ಮಂದಿ ಚಂದ್ರಾಮಪ್ಪ ಇದ್ರ ಊಟಕ್ಕ ಏನ್ ಮಾಡೂದು ಎಂದು ನಗಿಸಿದರು. ವೇದಿಕೆ ಮೇಲೆ ಹನ್ನೆರಡು ತಪ್ಪಲೆ, ಒಂದೊಂದರ ಮುಂದೆ ನಂಬರಿನ ಚೀಟಿ. ಮಾವ ಬೆನ್ನು ತಿರುಗಿಸಿ ಕೂತರು. ಪ್ರಿಯಾ ಮೊದಲನೆಯದನ್ನು ತಟ್ಟಿದಳು.

“ನಂದಲ್ಲ. ಸಾಬರದು.” ಸರಿ. ಎರಡನೆಯದಕ್ಕೂ ನಂದಲ್ಲ ಅಂದರು. ಅದು ನಮ್ಮದು. ಮೂರನೆಯದಕ್ಕೆ ನಂದು ಅಂದರು, ಸರಿ. ಹೀಗೇ ಹನ್ನೆರಡೂ ಆಯಿತು. ಮೇಡಂ ಲೆಕ್ಕ ಓದಿದರು. ಕುಲ್ಸುಂ ಮನೆಯ ಆರಕ್ಕೆ ಆರೂ ಸರಿ. ನಮ್ಮ ಆರರಲ್ಲಿ ಎರಡು ಸರಿ, ನಾಲ್ಕು ತಪ್ಪು. ತುಂಬಾ ಚೆನ್ನಾಗಿ ಹೇಳಿದಿರಿ ಎಂದು ಮೇಡಂ ಮೆತ್ತಗೆ ಅಂದರು, ಜನ ಮೆತ್ತಗೆ ಚಪ್ಪಾಳೆ ತಟ್ಟಿದರು. ಅಂಥ ಚಪ್ಪಾಳೆ ಯಾರಿಗೂ ಬೇಡ. ಮಾವ ಪಟಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ನಾ ಮೊದಲಽ ಹೇಳಿದ್ನಲ್ಲವ್ವ. ತನ್ನ ಪಾತ್ರಿ ತನಗಽ ತಿಳೀಲಿಲ್ಲಂದ್ರ ಏನು ಉಳೀತು? ಯುಗಾದಿಗಿ ಪಾಲು ಮಾಡ್ತೀನಿ.”

ನಾನು ಚೀಟಿಗಳನ್ನೇ ನೋಡುತ್ತಿದ್ದೆ. ಎರಡು, ಐದು, ಎಂಟು, ಹನ್ನೊಂದು. ತಪ್ಪಿದ್ದು ಆ ನಾಲ್ಕು. ಬದಿಯ ತಗ್ಗಿನಿಂದಲೇ ಆ ನಾಲ್ಕೂ ನನಗೆ ಗೊತ್ತು. ಚುಕ್ಕೆ ಇದ್ದದ್ದು ಆ ನಾಲ್ಕಕ್ಕೆ ಮಾತ್ರ.

ತಪ್ಪಿರಲಿಲ್ಲ ಅವರು. ಸಾಸಿವೆ ಕಾಳಿನಷ್ಟು ಮೂರು ಚುಕ್ಕೆ, ಕಣ್ಣಿಗೆ ಬೀಳದ ಜಾಗದಲ್ಲಿ, ಅದನ್ನು ಎಪ್ಪತ್ತೆರಡು ವರ್ಷದ ಮುದುಕ ಬೆನ್ನು ಮಾಡಿ ಕೂತು ಕೇಳಿಸಿಕೊಂಡಿದ್ದರು. ದೀಪಾವಳಿಯಲ್ಲೂ ಕೇಳಿಸಿಕೊಂಡದ್ದು ಅದನ್ನೇ. ಛತ್ರದಲ್ಲಿ ಜನ ನಕ್ಕಾಗಲೂ ಅವರು ಸರಿಯಾಗಿಯೇ ಹೇಳಿದ್ದರು, ಇವು ಬದಲಾಗಿವೆ ಎಂದು. ಬದಲಾಯಿಸಿದವಳು ನಾನು, ಮನೆಯೊಳಗೇ ಇದ್ದೆ. ಐದು ತಿಂಗಳು ಆ ಮನುಷ್ಯ ತನ್ನ ಕಿವಿಯನ್ನು ತಾನೇ ಬೈದುಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

ವೇದಿಕೆಗೆ ಹೇಗೆ ಹೋದೆನೋ ನೆನಪಿಲ್ಲ. ಎರಡನೇ ನಂಬರಿನ ತಪ್ಪಲೆ ಎತ್ತಿ ಮಾವನ ಮುಂದೆ ಕೂತು, ಅವರ ಬೆರಳು ಹಿಡಿದು ಕಂಠದ ಕೆಳಗೆ ಇಟ್ಟೆ. ಮೈಕು ಅಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತಂತೆ.

“ನಿಮ್ಮ ಕಿವಿ ಸರಿಯಾಗೇ ಇದೆ ಮಾವ. ಇವಕ್ಕೆ ಉಳಿ ಹಾಕಿಸ್ದೋಳು ನಾನು. ಪಾಲಾದ್ರೆ ಒಳ್ಳೇವು ನನ್ನ ಕಡೆ ಬರ್ಲಿ ಅಂತ. ನಲವತ್ತೊಂದಕ್ಕೆ ಹಾಕ್ಸಿದೀನಿ.”

ಮಾವ ಚುಕ್ಕೆಗಳ ಮೇಲೆ ಬೆರಳಾಡಿಸುತ್ತಲೇ ಇದ್ದರು. ಬೈಯುತ್ತಾರೆ ಅಂದುಕೊಂಡೆ, ಅಳುತ್ತಾರೆ ಅಂದುಕೊಂಡೆ. ಅವರು ಕುರ್ಚಿಯನ್ನು ಮತ್ತೆ ತಿರುಗಿಸಿಕೊಂಡು, “ಅದಲು ಬದಲು ಮಾಡಿ ಇಡ್ರಿ. ಇನ್ನೊಮ್ಮಿ ತಟ್ರಿ” ಅಂದರು.

ಮುನಾವರ್ ಓಡಿ ಬಂದು ಜಾಗ ಬದಲಿಸಿದರು. ಪ್ರಿಯಾ ಕೈ ಕಟ್ಟಿ ನಿಂತುಬಿಟ್ಟಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ತಟ್ಟಿದ್ದು ನಾನೇ. ಸಾಬರದು, ಅಂದರು. ಸಾಬರದು. ನಂದು, ಉಳಿ ಬಿದ್ದಿಲ್ಲ. ನಂದಽ, ನಾಗವ್ವನ ಚುಕ್ಕಿ ಬಿದ್ದದ್ದು. ಸಾಬರದು, ಹೋದ ವಾರ ಕಲಾಯಿ ಆಗ್ಯಾದ. ಹನ್ನೆರಡಕ್ಕೆ ಹನ್ನೆರಡು. ಒಂದೂ ತಪ್ಪಲಿಲ್ಲ. ನಾನು ಹುಟ್ಟಿದ ಮೇಲೆ ಇಂಥದ್ದನ್ನು ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಇಷ್ಟು ದೊಡ್ಡದು ಹದಿನೇಳು ವರ್ಷ ನನ್ನ ಮನೆಯ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತಿತ್ತು.

ಚಪ್ಪಾಳೆಯೇ ಬರಲಿಲ್ಲ. ಸ್ಕ್ರೂ ಮಾಡುವ ತಂದೆ ಎದ್ದು ನಿಂತರು, ಅವರನ್ನು ನೋಡಿ ಮಗ ನಿಂತ, ಆಮೇಲೆ ಎಲ್ಲರೂ ನಿಂತರು.

ವಾಪಸು ಬರುವಾಗ ಪ್ರಿಯಾ ಒಂದೇ ಮಾತಾಡಿದಳು. “ನಿಮ್ದನ್ನ ನಾನು ಕಿತ್ಕೋತೀನಿ ಅಂದ್ಕೊಂಡಿದ್ರಾ ಅಕ್ಕ?”

3 ಏಪ್ರಿಲ್, ಬುಧವಾರ

ಪ್ರಿಯಾ ಮಾತಾಡುತ್ತಿಲ್ಲ. ಲಕ್ಷ್ಮಿಕಾಂತ ನನ್ನ ಕಣ್ಣು ತಪ್ಪಿಸುತ್ತಾನೆ. ನಮ್ಮ ಯಜಮಾನರು, ಹೇಳಬಾರದಿತ್ತಾ ನಂಗೆ, ಅಂದರು, ಅಷ್ಟೇ. ಬೆಳಗ್ಗೆ ಐದೂವರೆಗೇ ಗೋದಾಮಿನಿಂದ ಸದ್ದು ಬರುತ್ತದೆ. ಮಾವ ಮತ್ತೆ ತಟ್ಟುತ್ತಿದ್ದಾರೆ, ಮುನ್ನೂರ ಹನ್ನೊಂದನ್ನೂ. ಹಾಸಿಗೆಯಲ್ಲೇ ಕೂತು ಕೇಳುತ್ತೇನೆ. ಕೆಲವು ಉದ್ದಕ್ಕೆ ಎಳೆಯುತ್ತವೆ, ಕೆಲವು ಕೊನೆಯಲ್ಲಿ ನಿಂತುಬಿಡುತ್ತವೆ. ಪ್ರಿಯಾ ಹೇಳಿದ್ದು ನಿಜ.

13 ಏಪ್ರಿಲ್, ಯುಗಾದಿ

ಬೇವು ಬೆಲ್ಲ ಹಿಡಿದುಕೊಂಡು ಬಾಗಿಲು ತೆಗೆದರೆ ಅಂಗಳದ ತುಂಬ ತಾಮ್ರ. ನಲವತ್ತೊಂದೂ ನನ್ನ ಹೊಸ್ತಿಲ ಮುಂದೆ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಅರಿಶಿನ ಕುಂಕುಮ, ಬಾಯಿಗೆ ಒಂದೊಂದು ಮಾವಿನೆಲೆ. ಎಳೆ ಬಿಸಿಲು ಬಿದ್ದು ಅಂಗಳವೆಲ್ಲ ಕೆಂಪಗೆ ಉರಿಯುತ್ತಿತ್ತು. ಎಷ್ಟು ಚೆಂದ ಇದ್ದವು ಅಂದರೆ ನನಗೆ ಅಳು ಬಂತು.

ಮಾವ ಹೊಸ ಧೋತರ ಉಟ್ಟು ನಿಂತಿದ್ದರು. ಪಕ್ಕದಲ್ಲಿ ಇಬ್ಬರು ಮಕ್ಕಳು, ಹಿಂದೆ ಪ್ರಿಯಾ.

“ನೀ ಆರಿಸಿದ್ದು ಇವು. ತಗೋ ನಾಗವ್ವ. ಉಳದದ್ದು ಆಮ್ಯಾಲ ಹಂಚೂಣು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನನಗೆ ಬೇಡ ಮಾವ ಅಂದೆ. ಮತ್ತೇನು ಬೇಕು ಎಂದು ಕೇಳಿದರು. ಅವರ ಉಡಿದಾರದಲ್ಲಿ ಗೋದಾಮಿನ ಬೀಗದ ಕೈ ನೇತಾಡುತ್ತಿತ್ತು, ನನ್ನ ಕಣ್ಣ ಮುಂದೆಯೇ. ಅದನ್ನು ನೋಡಿದೆ ಕೂಡ.

“ನನಗೂ ಕಲಿಸಿ” ಅಂದೆ.

ನಾನೇ ಬಗ್ಗಿ ದೊಡ್ಡ ಕೊಪ್ಪರಿಗೆಯ ಒಂದು ಹಿಡಿ ಹಿಡಿದೆ. ಒಬ್ಬರೇ ಎತ್ತುವ ಪಾತ್ರೆಯಲ್ಲ ಅದು. ನೆಲ ಬಿಟ್ಟು ಒಂದಿಂಚು ಎದ್ದು ಮತ್ತೆ ಕೂತಿತು. ಇನ್ನೊಂದು ಸಲ ಎತ್ತಿದಾಗ ಹಗುರವಾಯಿತು. ಆ ಕಡೆಯ ಹಿಡಿಯಲ್ಲಿ ಪ್ರಿಯಾಳ ಕೈ ಇತ್ತು. ಮುಖ ಇನ್ನೂ ಗಂಟಿಕ್ಕಿಯೇ ಇತ್ತು. “ಹಿಂದೆ ಮೆಟ್ಲಿದೆ, ನೋಡ್ಕೊಂಡು” ಅಂದಳು. ಹದಿನಾಲ್ಕು ದಿನವಾಗಿತ್ತು ಅವಳ ದನಿ ಕೇಳಿ.

ಆಮೇಲೆ ಲಕ್ಷ್ಮಿಕಾಂತನೂ ನಮ್ಮ ಯಜಮಾನರೂ ಕೈ ಹಾಕಿದರು. ಹೋಳಿಗೆ ಬೇಯಿಸುವ ಹೊತ್ತಿಗೆ ನಲವತ್ತೊಂದೂ ಗೋದಾಮಿನೊಳಗೆ ಉಳಿದವುಗಳ ಜೊತೆ ಸೇರಿದ್ದವು. ಪಾಲಿನ ಮಾತು ಯಾರೂ ಎತ್ತಲಿಲ್ಲ. ಊಟವಾದ ಮೇಲೆ ಲಕ್ಷ್ಮಿಕಾಂತ ಮೆಲ್ಲಗೆ ಕೇಳಿದ್ದಕ್ಕೆ ಮಾವ, “ಕಿವಿ ಇನ್ನಾ ಅದ ಅಲ್ಲೋ, ಪಾಲು ಯಾಕ” ಅಂದರು.

ಸಂಜೆ ನನ್ನನ್ನು ಗೋದಾಮಿಗೆ ಕರೆದರು. ತಮ್ಮ ಸ್ಟೂಲು ಬಿಟ್ಟುಕೊಟ್ಟು, “ಬೆನ್ನು ಮಾಡಿ ಕೂಡು” ಅಂದರು. ಕೂತೆ. ಗೋಡೆ ಬಿಟ್ಟರೆ ಏನೂ ಕಾಣದು. ಹಿಂದೆ ಅವರು ನಡೆದಾಡುವುದು, ಪ್ರಿಯಾ ಬಾಗಿಲ ಹತ್ತಿರ ಬಂದು ನಿಂತದ್ದು ಎರಡೂ ಗೊತ್ತಾಗುತ್ತಿತ್ತು. ಅವರು ತಟ್ಟಿದರು. ಸದ್ದು ಎದ್ದು, ತುಂಬಿ, ಹರಡುತ್ತ ಹರಡುತ್ತ ಹೋಗಿ, ಕೊನೆಯಲ್ಲಿ ಕಾಲಿಗೆ ಏನೋ ಚುಚ್ಚಿದ ಹಾಗೆ ನಿಂತುಬಿಟ್ಟಿತು.

“ನಮ್ದು. ನಾನು ಚುಕ್ಕೆ ಹಾಕ್ಸಿದ್ದು” ಅಂದೆ.

“ಹೌದು” ಅಂದರು ಮಾವ.

ನಲವತ್ತೊಂದನ್ನೂ ಹಾಗೇ ಗುರುತಿಸಿದೆ, ಒಂದೂ ತಪ್ಪಲಿಲ್ಲ. ಉಳಿದವು ಇನ್ನೂರ ಎಪ್ಪತ್ತು ಇವೆ. ಅವು ನಮ್ಮವೋ ಅಲ್ಲವೋ ಎಂದು ನನಗೆ ಇನ್ನೂ ಒಂದೂ ಗೊತ್ತಾಗುವುದಿಲ್ಲ. ನಾಳೆ ಐದೂವರೆಗೆ ಬಾ ಅಂದಿದ್ದಾರೆ.